ಹಾಕದ ಮತದ ಲೆಕ್ಕ

ನಮ್ಮ ಶಾಲೆಯ ಅಡುಗೆಮನೆಯಲ್ಲಿ ಸೌಟು ಹಿಡಿದಷ್ಟು ಕಾಲವೂ ಮಾರ್ಲಿಸ್ ಟೊರ್ಗರ್ಸನ್ ನಮ್ಮ ನೌಕರರ ಸಂಘವನ್ನೂ ನಡೆಸಿದಳು. ಸಂಬಳದ ಮಾತಿಗೆ ಶಾಲೆಗಳ ಅಧಿಕಾರಿಯ ಎದುರು ಕೂರುವವಳು ಅವಳೇ. ಒರಟು ಬಾಯಿ, ಬಿಸಿನೀರಿಗೆ ಕೆಂಪಾದ ಕೈ. ಅಡುಗೆಯವರು, ಬಸ್ ಚಾಲಕರು, ನೆಲ ಒರೆಸುವವರು, ಎಲ್ಲರಿಗೂ ಅವಳು ಬೇಕಿತ್ತು, ತಮ್ಮ ಕೆಲಸ ಆಗುವವರೆಗೆ.

ನಮ್ಮ ವಿಸ್ಕಾನ್ಸಿನ್ ರಾಜ್ಯದಲ್ಲಿ ಸರ್ಕಾರಿ ನೌಕರರ ಸಂಘಗಳ ಕೈ ಕಟ್ಟುವ ಕಾನೂನು ಬರುವಾಗ ಅವಳು ಹಿಮದಲ್ಲಿ ರಾಜಧಾನಿ ಮ್ಯಾಡಿಸನ್‌ಗೆ ಹೋಗಿ ಗಂಟಲು ಹರಿಯುವಂತೆ ಕೂಗಿ ಬಂದಳು. ಏನೂ ಉಪಯೋಗವಾಗಲಿಲ್ಲ. ಪೊಲೀಸರ ಸಂಘಗಳ ತಂಟೆಗೆ ಹೋಗದೆ ನಮ್ಮಂಥವರ ಬಾಯಿಗೇ ಬೀಗ ಜಡಿದರು. ಸಂಬಳವೊಂದನ್ನು ಬಿಟ್ಟು ಬೇರೇನೂ ಕೇಳುವಂತಿಲ್ಲ. ಅದನ್ನು ಕೇಳಲೂ ಸಂಘ ವರ್ಷವರ್ಷ ಮತಕ್ಕೆ ನಿಲ್ಲಬೇಕು. ಒಟ್ಟು ನೌಕರರಲ್ಲಿ ಅರ್ಧಕ್ಕಿಂತ ಹೆಚ್ಚು ಜನ ಸಂಘ ಬೇಕು ಎನ್ನಬೇಕು, ಮತ ಹಾಕದೆ ಕೂತವರೆಲ್ಲ ಬೇಡ ಎಂದ ಹಾಗೆ. ಈ ಲೆಕ್ಕ ಕಟ್ಟಿದ ಮಹಾಶಯರ ಚುನಾವಣೆಗೂ ಇದೇ ನಿಯಮ ಇದ್ದಿದ್ದರೆ ಎಷ್ಟು ಜನ ಗೆಲ್ಲುತ್ತಿದ್ದರೋ.

ಮತ ಹಾಕುವುದು ಫೋನಿನಲ್ಲಿ. ನವೆಂಬರಿನ ಚಳಿಯಲ್ಲಿ ಮಾರ್ಲಿಸ್ ಮನೆಮನೆ ಅಲೆದು ನಂಬರು ಕೊಟ್ಟು ಬಂದಳು. ಎಲ್ಲರೂ ತಲೆಯಾಡಿಸಿದರು. ಅಷ್ಟರಲ್ಲಿ ಜಿಂಕೆ ಬೇಟೆಯ ಕಾಲ ಬಂತು. ಚಾಲಕರು ಬಂದೂಕು ಹೇರಿಕೊಂಡು ಕಾಡು ಸೇರಿದರು, ಉಳಿದವರು ನಾಳೆ ಮಾಡೋಣ ಎಂದುಕೊಂಡು ಮಲಗಿದರು. ಫೋನು ಮಾಡಿದವರಲ್ಲಿ ಬೇಡ ಎಂದವರು ಒಬ್ಬರೂ ಇರಲಿಲ್ಲ. ಆದರೂ ಸಂಘ ಸೋತಿತು.

ಶುಕ್ರವಾರ ನಮ್ಮ ಕಡೆಯ ವಾಡಿಕೆಯಂತೆ ಎಲ್ಲರೂ ಮೀನೂಟಕ್ಕೆ ಕೂತಿದ್ದಾಗ, ಪಾತ್ರೆ ತೊಳೆಯುವ ಲವೋನ್ ಬಾಯಿ ತುಂಬ ಹುರಿದ ಮೀನು ತುಂಬಿಕೊಂಡೇ ಹೇಳಿದಳು: "ನಾನೇನು ನಿನಗೆ ವಿರುದ್ಧ ಹಾಕ್ಲಿಲ್ಲ ಕಣೆ. ಮರ್ತೇ ಹೋಯ್ತು."

"ವಿರುದ್ಧ ಹಾಕೋಕಾದ್ರೂ ಫೋನ್ ಎತ್ತಬೇಕಿತ್ತಲ್ಲ ಮಾರಾಯ್ತಿ," ಎಂದಳು ಮಾರ್ಲಿಸ್. "ನಿನಗೆ ಆ ಕಷ್ಟವೂ ತಪ್ಪಿತು."

ಬೇಸಿಗೆಯಲ್ಲಿ ಅಧಿಕಾರಿ ತನಗೆ ಇಷ್ಟ ಬಂದವರಿಗೆ ಸಂಬಳ ಏರಿಸಿದ. ಲವೋನ್‌ಗೆ ಚಿಕ್ಕಾಸೂ ಏರಲಿಲ್ಲ. ಅವಳು ಮೂಗು ಒರೆಸಿಕೊಳ್ಳುತ್ತ ಬಂದು ಮಾರ್ಲಿಸ್‌ಳ ಕೈ ಹಿಡಿದಳು, ನೀನೇ ಹೋಗಿ ನನ್ನ ಪರವಾಗಿ ಒಂದು ಮಾತು ಹೇಳು ಎಂದು. ನನಗೆ ಅವಳ ಮುಖ ನೋಡಲೂ ಹೇಸಿಗೆಯಾಯಿತು. ಮಾರ್ಲಿಸ್ ಮಾತ್ರ ಏಪ್ರನ್ ಬಿಚ್ಚಿಟ್ಟು ಹೊರಟಳು.

ಮೊದಲಿನಂತೆ ಸಂಘ ಇದ್ದಿದ್ದರೆ ಆ ಅಧಿಕಾರಿ ಕಾನೂನಿಗೆ ಹೆದರಿಯಾದರೂ ಎದುರು ಕೂತು ಉತ್ತರ ಕೊಡಬೇಕಿತ್ತು. ಅವಳು ಬೇಗನೆ ವಾಪಸು ಬಂದಳು. ಅವನು ಏನಂದ ಎಂದು ಲವೋನ್ ಆಸೆಯಿಂದ ಕೇಳಿದಳು.

"ಕಾಫಿಗೆ ಸಕ್ಕರೆ ಬೇಕಾ ಅಂದ," ಎಂದಳು ಮಾರ್ಲಿಸ್. "ಅಷ್ಟೇ. ಇನ್ನೇನೂ ಹೇಳೋ ದರ್ದು ಅವನಿಗಿಲ್ಲ."