ಗೋಲ್ಡ್ ಕಾರ್ಡ್ ಭಾವ

ನನ್ನ ಅಕ್ಕನ ಗಂಡ ಕೂತಲ್ಲಿ ಕೂರುವ ಆಸಾಮಿಯಲ್ಲ. ಆಸ್ಪತ್ರೆಗಳ ಎಕ್ಸ್‌ರೇ ಯಂತ್ರ ರಿಪೇರಿ ಮಾಡುವುದು ಅವರ ಕೆಲಸ. ಊರೂರಿಗೆ ವಿಮಾನದಲ್ಲೇ ಓಡಾಟ. ಹಾರಿದಷ್ಟೂ ವಿಮಾನ ಕಂಪನಿಯ ಕಾರ್ಡಿಗೆ ಪಾಯಿಂಟು, ಪಾಯಿಂಟಿಗೆ ಪುಕ್ಕಟೆ ಟಿಕೆಟ್ಟು. ಮನೆಗೆ ಬಂದರೂ ಊಟದ ತಟ್ಟೆಯ ಪಕ್ಕ ಫೋನು: ಬ್ಯಾಗಿನ ಶುಲ್ಕ ಏರಿತಂತೆ, ಕಿಟಕಿ ಸೀಟಿಗೂ ದುಡ್ಡಂತೆ, ಪಾಯಿಂಟಿನ ನಿಯಮ ಬದಲಾಯಿತಂತೆ! ಬ್ಯಾಗಿನ ಶುಲ್ಕ ಉಳಿಸಲು ಅಂಗಿಯ ಮೇಲೆ ಅಂಗಿ ತೊಟ್ಟು ಬೆವರುತ್ತಾ ಹೊರಡುವ ಪುಣ್ಯಾತ್ಮ.

ಅಕ್ಕ ಮಾತ್ರ ಒಮ್ಮೆಯೂ ವಿಮಾನ ಹತ್ತಿರಲಿಲ್ಲ. ಎತ್ತರ ಎಂದರೆ ಅವಳಿಗೆ ಜೀವ ಬಾಯಿಗೆ ಬರುತ್ತದೆ.

"ಪಾಯಿಂಟ್ ಸೇರ್ಲಿ, ಇಬ್ರೂ ಹೋಗೋಣ. ನಾನು ಪಕ್ಕದಲ್ಲೇ ಇರ್ತೀನಲ್ಲ, ಕೈ ಹಿಡ್ಕೊಂಡಿರು" ಎಂದು ಭಾವ ವರ್ಷಗಟ್ಟಲೆ ಹೇಳಿದರು. ಪಾಯಿಂಟಿನ ಅವಧಿ ಮುಗಿಯುತ್ತದೆ ಎಂಬ ಸುದ್ದಿ ಬಂದಾಗ ಅಂತೂ ಇಂತೂ ಎರಡು ಟಿಕೆಟ್ ಮಾಡಿಸಿದರು, ನನ್ನ ಮನೆಗೆ ಬರಲು. ಅಕ್ಕ ಧೈರ್ಯ ಮಾಡಿದ್ದು ಆ ಒಂದು ಮಾತು ನಂಬಿ.

ವಿಮಾನ ಹತ್ತುವ ಬಾಗಿಲಲ್ಲಿ ನಿಂತ ಹುಡುಗಿ ಭಾವನ ಪಾಸು ನೋಡಿ ನಕ್ಕಳಂತೆ.

"ಸರ್, ನೀವು ಗೋಲ್ಡ್ ಕಾರ್ಡಿನವರು. ಮುಂದೆ ದೊಡ್ಡ ಸೀಟ್ ಖಾಲಿ ಇದೆ, ನಿಮಗೇ. ಶುಲ್ಕ ಏನಿಲ್ಲ."

"ಇವಳಿಗೆ ಕೊಡಿ."

"ಕಾರ್ಡ್ ಇರೋರಿಗೆ ಮಾತ್ರ ಸರ್."

ಬೇಡ ಅನ್ನಬೇಕಿತ್ತು, ಅಷ್ಟೇ! ಆದರೆ ಪುಕ್ಕಟೆ ಸಿಕ್ಕಿದ್ದನ್ನು ಬಿಟ್ಟು ಗೊತ್ತಿಲ್ಲದ ನಾಲಿಗೆ "ಥ್ಯಾಂಕ್ಸ್" ಎಂದುಬಿಟ್ಟಿತು. ಅಕ್ಕ ಒಬ್ಬಳೇ ಹಿಂದಿನ ಸೀಟಿಗೆ ನಡೆದಳು.

ದೊಡ್ಡ ಸೀಟಿನಲ್ಲಿ ಮನುಷ್ಯನಿಗೆ ಮುಳ್ಳಿನ ಮೇಲೆ ಕೂತ ಹಾಗಾಯಿತು. ಮೇಲೇರುತ್ತಲೇ ವಿಮಾನ ಕುಲುಕಾಡತೊಡಗಿತು. ಎದ್ದರೆ ಗಗನಸಖಿಯ "ಬೆಲ್ಟ್ ಹಾಕ್ಕೊಳ್ಳಿ ಸರ್." ಪರದೆ ಸರಿಸಿ ಹಿಂದೆ ಹೊರಟರೆ "ಕೂತ್ಕೊಳ್ಳಿ ಸರ್."

ಕರೆತರಲು ನಿಲ್ದಾಣಕ್ಕೆ ಹೋಗಿದ್ದ ನಾನು ಇದನ್ನು ಅವರ ಬಾಯಿಂದಲೇ ಕೇಳಿ ಕೆಂಡವಾದೆ.

"ಅಲ್ಲ ಭಾವ, ನಿಮಗೆ ಬುದ್ಧಿ ಇದೆಯಾ?"

ಅವರಿಗೆ ನನ್ನ ಮಾತು ಕಿವಿಗೇ ಬೀಳಲಿಲ್ಲ. ಅಕ್ಕನ ಹಿಂದೆ ಮುಂದೆ ಸುತ್ತುತ್ತಾ ಕೇಳಿದರು, "ತುಂಬಾ ಭಯ ಆಯ್ತೇನೇ? ಪಕ್ಕದಲ್ಲಿ ಯಾರು ಕೂತಿದ್ರು?"

"ಯಾರೂ ಇಲ್ಲ. ನಿಮ್ಮ ಸೀಟು ಖಾಲೀನೇ ಇತ್ತು." ಅಕ್ಕ ಬ್ಯಾಗನ್ನು ಹೆಗಲಿಗೇರಿಸಿದಳು. "ಮೊದ್ಲು ನಡುಗಿಹೋದೆ ರೀ. ಆಮೇಲೆ ಆ ಖಾಲಿ ಸೀಟು ನೋಡಿ, ಮನೇಲೇ ಇದೀನಿ ಅಂದ್ಕೊಂಡೆ. ಸರಿಹೋಯ್ತು."