ಬಚ್ಚಲ ಬಾಗಿಲಿಗೆ ಬಿದ್ದ ಚಪ್ಪಲಿ

ನಿನ್ನೆ ಸಂಜೆ ನಮ್ಮ ಬಚ್ಚಲ ಬಾಗಿಲಿಗೆ ಒಂದು ಹವಾಯಿ ಚಪ್ಪಲಿ ಪಟಾರನೆ ಬಂದು ಬಡಿಯಿತು. ಎಸೆದವನು ಹಗಲಿಡೀ ನಾನು ನೋಡಿಕೊಳ್ಳುವ ನನ್ನ ಪುಟ್ಟ ಮೊಮ್ಮಗ. ಬಾಗಿಲಿನ ಆಚೆಗಿದ್ದವಳು ನವಿ ಮುಂಬಯಿಯ ಮಹಾಪೆಯ ಆಫೀಸಿನಿಂದ ಆಗತಾನೇ ಬಂದ ನನ್ನ ಮಗಳು. ನನಗೆ ನಗು ಬಂತು. ಆ ಸದ್ದು ನನಗೆ ಹಳೆಯ ಪರಿಚಯ, ನೋಡಿ.

ತೊಂಬತ್ತರ ದಶಕದಲ್ಲಿ ನಾವು ಮುಂಬಯಿ ಹೊರವಲಯದ ಡೊಂಬಿವಲಿಯಲ್ಲಿ, ಎಂಐಡಿಸಿ ಕಾರ್ಖಾನೆಗಳ ಪಕ್ಕದ ಕಟ್ಟಡವೊಂದರಲ್ಲಿದ್ದೆವು. ಎರಡು ಕೋಣೆ, ಅಣ್ಣತಮ್ಮಂದಿರ ಎರಡು ಸಂಸಾರ. ನಾನು ಲೋಕಲ್ ರೈಲು ಹಿಡಿದು ಕೆಲಸಕ್ಕೆ ಹೋದರೆ ಮಗಳನ್ನು ನೋಡಿಕೊಳ್ಳುತ್ತಿದ್ದವಳು ಓರಗಿತ್ತಿ ಸುಮತಿ. ಅವಳಿಗೆ ಮಕ್ಕಳಿರಲಿಲ್ಲ. ಅವಳು ಉಣ್ಣೆಂದರೆ ಮಗಳು ಉಣ್ಣುತ್ತಿದ್ದಳು, ಮಲಗೆಂದರೆ ಮಲಗುತ್ತಿದ್ದಳು. ನಾನು ಮನೆಯೊಳಗೆ ಕಾಲಿಟ್ಟೊಡನೆ ಮಾತ್ರ ಕಿರುಚಾಟ, ನೆಲದ ಮೇಲೆ ಹೊರಳಾಟ, ಕೊನೆಗೆ ಬಚ್ಚಲ ಬಾಗಿಲಿಗೆ ಚಪ್ಪಲಿ.

ಹೊಟ್ಟೆಕಿಚ್ಚು ಎಂದರೆ ಏನೆಂದು ನನ್ನನ್ನು ಕೇಳಿ. ಮಗಳು ಸುಮತಿಯ ಸೆರಗು ಹಿಡಿದು ತಿರುಗುವುದನ್ನು ಕಂಡರೆ ಕುಡಿಯುತ್ತಿದ್ದ ಚಹಾ ಕಹಿಯಾಗುತ್ತಿತ್ತು. ಕಲಸಿದ ಅನ್ನದಲ್ಲಿ ಏನಾದರೂ ಮದ್ದು ಹಾಕಿದ್ದಾಳೋ ಎಂದು ತಟ್ಟೆಯನ್ನು ಕದ್ದು ನೋಡಿದ್ದೂ ಉಂಟು. ರೈಲಿನ ಲೇಡೀಸ್ ಡಬ್ಬಿಯಲ್ಲಿ ಮಾರಲು ಬರುವ ಕ್ಲಿಪ್ಪು, ರಿಬ್ಬನ್ನುಗಳನ್ನು ಲಂಚವಾಗಿ ತಂದೆ. ಮಗಳು ಅವನ್ನು ಮುಡಿದುಕೊಂಡು ಚಿಕ್ಕಮ್ಮನಿಗೆ ತೋರಿಸಲು ಓಡಿದಳು! "ಓರಗಿತ್ತಿ ಮುದ್ದು ಮಾಡಿ ಹಾಳು ಮಾಡಿದ್ದಾಳೆ ಮಾರಾಯ್ತಿ," ಎಂದು ರೈಲಿನ ಗೆಳತಿಯರ ಮುಂದೆ ದೂರಿದೆ. ಹಾಳಾದದ್ದು ನನ್ನೊಬ್ಬಳ ಮುಂದೆ ಮಾತ್ರ ಯಾಕೆ ಎಂದು ಯಾರೂ ಕೇಳಲಿಲ್ಲ, ಪುಣ್ಯಕ್ಕೆ.

ಒಂದು ದಿನ ಆಫೀಸು ಬೇಗ ಬಿಟ್ಟಿತು. ನಾನು ಮೆಟ್ಟಿಲ ತಿರುವಿಗೆ ಬರುವುದಕ್ಕೂ ಕಾರ್ಖಾನೆಯ ಸಂಜೆಯ ಸೈರನ್ ಕೂಗುವುದಕ್ಕೂ ಸರಿಹೋಯಿತು. ಮನೆಯ ಬಾಗಿಲು ತೆರೆದಿತ್ತು. ಆಡುತ್ತಿದ್ದ ಮಗಳು ಸೈರನ್ ಕೇಳಿದ್ದೇ ಎದ್ದಳು. ನಾನು ಮನೆಯೊಳಗೆ ಹಾಕಿಕೊಳ್ಳುವ ಹವಾಯಿ ಚಪ್ಪಲಿ ಹುಡುಕಿ ತಂದು, ಫ್ರಾಕಿನಿಂದ ಒರೆಸಿ, ತೊಡೆಯ ಮೇಲಿಟ್ಟುಕೊಂಡು ಹೊಸ್ತಿಲಲ್ಲಿ ಕೂತಳು.

"ರೈಲು ಬರ್ಲಿಕ್ಕೆ ಇನ್ನೂ ಹೊತ್ತುಂಟು ಮಗಾ. ದಿನಾ ಹೀಗೆ ಕೂತ್ರೆ ಹೇಗೆ? ಹಾಲು ಕುಡಿ ಬಾ," ಎಂದಳು ಸುಮತಿ.

"ನಕೋ, ಬೇಡ. ಅಮ್ಮ ಬರ್ತಾಳೆ."

ದಿನಾ! ನಾನಾದರೋ ದಿನಾ ಬಂದವಳೇ "ಮುಟ್ಬೇಡ, ರೈಲಿನ ಮೈಲಿಗೆ!" ಎಂದು ಅವಳನ್ನು ದಾಟಿಕೊಂಡು ಬಚ್ಚಲಿಗೆ ಓಡುವವಳು. ಹೊರಗಿನಿಂದ ಬಂದವರು ಕೈಕಾಲು ತೊಳೆಯದೆ ಮಗುವನ್ನು ಮುಟ್ಟಬಾರದೆಂದು ಅತ್ತೆ ಊರಿನಲ್ಲಿ ಕಲಿಸಿದ್ದರು. ಎಸೆಯಲು ಮಗಳ ಕೈಯಲ್ಲಿ ಚಪ್ಪಲಿ ಎಲ್ಲಿಂದ ಬಂತೆಂದು ನಾನು ಯೋಚಿಸಿಯೇ ಇರಲಿಲ್ಲ.

ಮೇಲೆ ಹೋಗಿ ತೊಳೆಯದ ಕಾಲನ್ನೇ ಮುಂದೆ ಚಾಚಿದೆ. ಮಗಳು ಎಡದ್ದನ್ನು ಬಲಕ್ಕೆ, ಬಲದ್ದನ್ನು ಎಡಕ್ಕೆ ತೊಡಿಸಿದಳು. ಮೈಲಿಗೆಯ ಸೀರೆಯಲ್ಲೇ ಎತ್ತಿಕೊಂಡೆ. ಕಿರುಚಲಿಲ್ಲ, ಹೆಗಲಲ್ಲಿ ಮುಖ ಹುದುಗಿಸಿದಳು. ಸುಮತಿ ಹಾಲಿನ ಲೋಟ ಹಿಡಿದು ನಿಂತಿದ್ದಳು.

"ನನ್ನ ಹತ್ರ ಅವಳು ಒಂದಿನವೂ ಹಠ ಮಾಡ್ಲಿಲ್ಲ ಅಕ್ಕ," ಎಂದಳು. "ನನ್ನ ಮೇಲೂ ಒಮ್ಮೆ ಚಪ್ಪಲಿ ಎಸೀಲಿ ಅಂತ ಆಸೆ ಆಗ್ತದೆ."

ಇದೆಂಥ ಹುಚ್ಚು ಆಸೆ ಎಂದುಕೊಂಡು, ಗೆದ್ದವಳ ಠೀವಿಯಿಂದ ನಾನು ಒಳಗೆ ನಡೆದೆ.

"ನಿನ್ನ ಹತ್ರ ಮಾತ್ರ ಹೇಗಮ್ಮ ಇವ್ನು ಇಷ್ಟು ಶಹಾಣಾ?" ನಿನ್ನೆ ಬಚ್ಚಲಿನಿಂದ ಹೊರಬಂದ ಮಗಳು ಸಿಡುಕಿದಳು. ಆ ದನಿಯಲ್ಲಿದ್ದ ಕಿಚ್ಚು ನನ್ನಿಂದಲೇ ಅವಳಿಗೆ ಹೋದ ಆಸ್ತಿ. ಹೇಳಲೋ ಬೇಡವೋ ಎಂದು ಸ್ವಲ್ಪ ಹೊತ್ತು ಸತಾಯಿಸಿದೆ. ಮೊಮ್ಮಗನ ಜಾಣತನವೆಲ್ಲ ನನ್ನೊಬ್ಬಳದೇ ಆಗಿರುವುದು ಹಿತವಾಗಿತ್ತು. ಆಮೇಲೆ ಹೇಳಿದೆ: "ನಾಳೆ ಕಾಲು ಆಮೇಲೆ ತೊಳಿ. ಮೊದ್ಲು ಅವ್ನು ಹಿಡ್ಕೊಂಡು ಕೂತ ಚಪ್ಪಲಿ ಹಾಕ್ಕೋ."

ಇವತ್ತು ಅವಳು ಹಾಗೆಯೇ ಮಾಡಿದಳು. ಮೊಮ್ಮಗ ಅವಳ ಕೊರಳಿಗೆ ಜೋತುಬಿದ್ದ. ಅಂದು ಸುಮತಿ ನಿಂತ ಹಾಗೆ ನಾನು ಹಾಲಿನ ಲೋಟ ಹಿಡಿದು ಪಕ್ಕದಲ್ಲೇ ನಿಂತಿದ್ದೆ.

"ಹಾಲು ಕುಡಿ ಪುಟ್ಟಾ," ಎಂದೆ. ಬೇಡ ಅನ್ನಲಿ, ಲೋಟ ತಳ್ಳಲಿ ಎಂದು ಕಾದೆ.

ತಾಯಿಯ ಹೆಗಲಿನಿಂದಲೇ ಕೈ ಚಾಚಿ ತೆಗೆದುಕೊಂಡ. ಮರುಮಾತಿಲ್ಲದೆ ಪೂರ್ತಿ ಕುಡಿದು ಲೋಟ ವಾಪಸು ಕೊಟ್ಟ.