ಶೇವಂತಾಬಾಯಿಯ ಚೀಲಗಳು ಊರಿಗೆ ಮರಳಿದ್ದು

ಬೀದರ–ಔರಾದ ದಾರಿಯ ಬಸ್ಸಿನಲ್ಲಿ ನಾನು ಹನ್ನೊಂದು ವರ್ಷದಿಂದ ಕಂಡಕ್ಟರ್. ಹೆಸರು ಹಾವಗೆಪ್ಪ, ಊರು ಭಾಲ್ಕಿ, ಸಿಟ್ಟು ಸದಾ ಮೂಗಿನ ತುದಿಯಲ್ಲೇ. ಕೋಳಿ, ಕುರಿಮರಿ, ಹೊಲಿಗೆ ಯಂತ್ರ, ಒಮ್ಮೆ ಒಂದು ಬಾಗಿಲು, ಎಲ್ಲವನ್ನೂ ಈ ಬಸ್ಸಿನಲ್ಲಿ ಸಾಗಿಸಿದ್ದೇನೆ. ಆದರೆ ಕಸಕ್ಕೆ ಲಗೇಜ್ ಟಿಕೆಟ್ ಕೊಟ್ಟದ್ದು ಒಬ್ಬಾಕೆಗೆ ಮಾತ್ರ.

ಆಕೆ ಸಂತಪುರದ ಶೇವಂತಾಬಾಯಿ. ವಯಸ್ಸು ಐವತ್ತೈದರ ಆಸುಪಾಸು. ಬೀದರದ ಕಾಳಿನ ಪೇಟೆ ಗಾಂಧಿ ಗಂಜಿನಲ್ಲಿ, ಒಬ್ಬ ದಲಾಲಿಯ ಅಡತಿ ಅಂಗಡಿಯಲ್ಲಿ ಕಾಳು ಹಸನು ಮಾಡುವ ಕೆಲಸ. ಬೆಳಿಗ್ಗೆ ಊಟದ ಡಬ್ಬಿ ಹಿಡಿದು ಬಸ್ಸು ಹತ್ತುತ್ತಿದ್ದಳು. ಒಂದು ವರ್ಷ ಸಂಕ್ರಾಂತಿ ಮುಗಿದ ಮೇಲೆ ಸಂಜೆಯ ಬಸ್ಸಿಗೆ ಎರಡೆರಡು ಚೀಲ ಎಳೆದುಕೊಂಡು ಬರತೊಡಗಿದಳು. ಹೆಣ್ಣುಮಕ್ಕಳಿಗೆ ಬಸ್ಸು ಫ್ರೀ ಆಗಿದೆ, ಅವರ ಚೀಲಗಳಿಗೆ ಆಗಿಲ್ಲ. ನಾನು ತಡೆದೆ.

“ಏನದರಿ ಇದರಾಗ?”

“ಧೂಳರಿ.”

“ಧೂಳು ಸಂತಪುರದಾಗ ಸಿಗಂಗಿಲ್ಲೇನ್ರಿ?”

“ಇದು ಅಲ್ಲಿಂದೇ ಬಂದದ್ದರಿ, ಸಾಹೇಬ್ರ. ವಾಪಸ ಬಿಟ್ಟು ಬರ್ಲಿಕ್ಕ ಹೊಂಟೀನಿ.”

ನನ್ನನ್ನೇ ಗೇಲಿ ಮಾಡುತ್ತಿದ್ದಾಳೆ ಅಂದುಕೊಂಡು ಚೀಲದ ಬಾಯಿ ಬಿಚ್ಚಿಸಿದೆ. ಜರಡಿಯಿಂದ ಇಳಿದ ಮಣ್ಣು, ತೊಗರಿ ಹೊಟ್ಟು, ಕಡ್ಡಿ, ಸಣ್ಣ ಕಾಳು, ಹುಳ ತಿಂದ ಕಾಳು. ಅಂಗಡಿಯವರು ಅದನ್ನೆಲ್ಲ ಹಿತ್ತಲಲ್ಲಿ ಗುಡ್ಡೆ ಹಾಕಿ ಸುಡುತ್ತಿದ್ದರು. ಈಕೆ ಕೇಳಿ ತಂದಿದ್ದಳು. ಗಾಳಿಗೆ ಧೂಳೆದ್ದು ಅರ್ಧ ಬಸ್ಸು ಸೀನಿತು, ಬೈಗುಳ ನನಗೆ ಬಿತ್ತು.

ಆಕೆಯ ಲೆಕ್ಕ ಸರಳವಾಗಿತ್ತು. ಒಂದು ದಿನ ಸೀಟಿನಲ್ಲಿ ಕೂತು ತಾನೇ ಬಿಡಿಸಿ ಹೇಳಿದಳು. “ಬೆಳಿ ಮಣ್ಣಾಗಿನ ಸಾರ ತಿಂದು ಬೆಳೀತದ. ಕಾಳಾಗಿ ಚೀಲದಾಗ ಕೂತು ಗಂಜಿಗೆ ಬರ್ತದ, ಅಲ್ಲಿಂದ ಲಾರಿ ಹತ್ತಿ ಎಲ್ಲೆಲ್ಲೋ ಹೋಗ್ತದ. ಹೊಲದಾಗ ಉಳಿದ ಕಡ್ಡಿಗೆ ನಾವು ಬೆಂಕಿ ಹಚ್ತೇವಿ. ಹೋಗೋದೇ ಆತು, ಬರೋದು ಯಾವಾಗರಿ?”

ನಾನೂ ಒಕ್ಕಲು ಮನೆಯವನೇ. ಆದರೂ ಇಷ್ಟು ವರ್ಷ ಕಾಳಿನ ಚೀಲಗಳನ್ನು ಕಂಡವನಿಗೆ ಅವುಗಳಲ್ಲಿ ಹೊಲವೇ ಊರು ಬಿಟ್ಟು ಹೋಗುತ್ತಿದೆ ಎಂದು ಹೊಳೆದಿರಲಿಲ್ಲ.

ಆಕೆಗೆ ಇದ್ದದ್ದು ಊರಾಚೆ ದಿಬ್ಬದ ಮೇಲಿನ ಎರಡೆಕರೆ ಕೆಂಪು ನೆಲ. ಗಂಡ ಕೈಲಾಶ ಗಂಜಿನಲ್ಲಿ ಹಮಾಲ. ಇಪ್ಪತ್ತು ವರ್ಷ ಮಂದಿಯ ಚೀಲ ಹೊತ್ತು ಆ ಹೊಲ ಕೊಂಡ. ಅವರ ಮನೆತನಕ್ಕೆ ಅದೇ ಮೊದಲ ಹೊಲ. ಮೊದಲ ಬೆಳೆ ಕೈಗೆ ಬರುವ ಮುಂಚೆ ಕೈಲಾಶ ತೀರಿಕೊಂಡ. ಆಮೇಲೆ ಮಗ ಅಶ್ವಜಿತ ಬೀದರ ಹತ್ತಿರದ ಕೊಳಾರದ ಕಾರ್ಖಾನೆಯ ಕೆಲಸದ ಜೊತೆಗೆ ಹೊಲವನ್ನೂ ನೋಡಿಕೊಂಡ. ವರ್ಷ ವರ್ಷ ಬರೀ ಸೋಯಾ. ರಾಶಿಯಾದ ಮೇಲೆ ಉಳಿದ ಕಡ್ಡಿಗೆ ಬೆಂಕಿ, ಮಳೆಗೆ ಮುಂಚೆ ಚೀಲಗಟ್ಟಲೆ ಯೂರಿಯಾ. ಅದು ಅರ್ಧ ಬೆಳೆಗೆ ಸಿಕ್ಕರೆ ಉಳಿದರ್ಧ ದಿಬ್ಬ ಇಳಿದು ಹಳ್ಳ ಸೇರುತ್ತಿತ್ತು. ಹಳ್ಳದ ನೀರು ಪಾಚಿಯಿಂದ ಹಸಿರುಗಟ್ಟಿತು, ಹೊಲ ಮಾತ್ರ ಬಿಳಿಚಿಕೊಂಡಿತು.

ಅಶ್ವಜಿತ ಬೇಸತ್ತ. ಬರುವ ಯುಗಾದಿಗೆ ಹೊಲ ಲಾವಣಿಗೆ ಕೊಟ್ಟುಬಿಡೋಣ ಎಂದ. ನಮ್ಮ ಕಡೆ ಹೊಲ ಗುತ್ತಿಗೆಗೆ ಹೋಗುವುದು, ಬರುವುದು ಎಲ್ಲ ಯುಗಾದಿಗೇ. ಕೇಳಲು ಬಂದ ಗೋರಖನಾಥ ಎಂಬ ರೈತ ಚಪ್ಪಲಿ ತುದಿಯಿಂದ ಮಣ್ಣು ಕೆದಕಿ, ಪುಕ್ಕಟೆ ಕೊಟ್ಟರೆ ನೋಡ್ತೇನಿ ಎಂದು ನಕ್ಕು ಹೋದ. ಶೇವಂತಾಬಾಯಿ ಮಗನ ಕೈ ಹಿಡಿದು ಎರಡು ಮಳೆಗಾಲದ ಗಡುವು ಕೇಳಿಕೊಂಡಳು. ಅಷ್ಟರಲ್ಲಿ ಹೊಲ ಸುಧಾರಿಸದಿದ್ದರೆ ಲಾವಣಿಗೆ ತಾನೇ ಹೆಬ್ಬೆಟ್ಟು ಒತ್ತುವುದಾಗಿ ಮಾತು ಕೊಟ್ಟಳು. ಚೀಲಗಳು ಬಸ್ಸು ಹತ್ತತೊಡಗಿದ್ದು ಆಮೇಲೆ.

ಈಗ ನನ್ನ ತಪ್ಪಿಗೆ ಬರುತ್ತೇನೆ. ಚೀಲಗಳನ್ನು ಮೊದಲು ಮನೆಗೆ ಒಯ್ದು ತಿಪ್ಪೆಗುಂಡಿಯಲ್ಲಿ ಕೊಳೆಸಿ, ಆಮೇಲೆ ಹೊಲಕ್ಕೆ ಹಾಕಬೇಕೆಂದು ಆಕೆಯ ಯೋಚನೆ. ಮನೆಯ ಸ್ಟಾಪಿನ ಗದ್ದಲದಲ್ಲಿ ಚೀಲ ಇಳಿಸಲು ಐದು ನಿಮಿಷ ಹಿಡಿಯುತ್ತಿತ್ತು, ನನಗೆ ಹೊತ್ತಾಗುತ್ತಿತ್ತು. ಹೊಲ ರಸ್ತೆಗೇ ಹತ್ತಿದೆ. “ಎರಡೆರಡು ಸಲ ಯಾಕ ಹೊರ್ತೀರಿ? ಹೊಲದ ಬದುವಿಗೇ ಇಳಸ್ತೇನಿ, ಅಲ್ಲೇ ಚೆಲ್ಲಿ ಹೋಗ್ರಿ. ಮಣ್ಣಿಂದು ಮಣ್ಣಿಗೆ” ಎಂದು ದೊಡ್ಡ ರೈತನ ಹಾಗೆ ಬುದ್ಧಿ ಹೇಳಿದೆ. ಪಾಪ, ನಂಬಿದಳು. ಬೇಸಿಗೆಯಿಡೀ ಹಸಿ ಕಸವನ್ನೇ ಚೆಲ್ಲಿದಳು.

ಮೊದಲ ಮಳೆ ಬಿದ್ದ ವಾರಕ್ಕೆ ಹೊಲದಲ್ಲಿ ಇಡೀ ಗಂಜೇ ಮೊಳೆಯಿತು. ತೊಗರಿ, ಕಡಲೆ, ಉದ್ದು, ಹೆಸರು, ಕುಸುಬಿ, ಜೋಳ, ನಡುನಡುವೆ ಎಲ್ಲ ತಾಲೂಕಿನ ಕಾಂಗ್ರೆಸ್ ಕಸವೆಂಬ ಕಳೆ. ಬಸ್ಸಿನ ಕಿಟಕಿಗೆ ಮುಖ ಹಚ್ಚಿ ಜನ ನಕ್ಕರು. ಶೇವಂತಾಬಾಯಿ ಹೊಲದಾಗ ಸವಾಲು ಎಷ್ಟಕ್ಕ ನಡದದ ಎಂದು ಒಬ್ಬ ಗಂಜಿನ ಹರಾಜಿನ ಮಾತಿನಲ್ಲೇ ಕೇಳಿದ. ನನಗೆ ನಗು ಬರಲಿಲ್ಲ. ನನ್ನ ಐದು ನಿಮಿಷ ಉಳಿಸಲು ಒಬ್ಬ ಹೆಣ್ಣುಮಗಳ ಒಂದು ಮಳೆಗಾಲ ಹಾಳು ಮಾಡಿದ್ದೆ.

ಮರುದಿನ ಬಸ್ಸಿನಲ್ಲೇ ಕ್ಷಮೆ ಕೇಳಿದೆ. ಆಕೆ ಹೊಲದಿಂದ ಕಿತ್ತು ತಂದ ಸಸಿಯೊಂದನ್ನು ಸೆರಗಿನಿಂದ ತೆಗೆದು ನನ್ನ ಕೈಗಿಟ್ಟಳು. ಬೇರಿನಲ್ಲಿ ಸಾಸಿವೆಯಷ್ಟು ಸಣ್ಣ ಗಂಟುಗಳು.

“ಅಶ್ವಜಿತ ಔಷಧ ಹೊಡದು ಸುಟ್ಟು ಬಿಡೂಣ ಅಂತಾನ್ರಿ. ಸುಡೋದು ಸಾಕಾಗೇದ. ಮುಂಚೆ ಸೆಣಬು ಬಿತ್ತಿ, ಹೂವಾಗೋ ಮೊದ್ಲ ಮಣ್ಣಾಗ ಮುಚ್ತಿದ್ರು. ಇದನ್ನ ಯಾಕ ಮುಚ್ಚಬಾರದು?”

ನನ್ನಪ್ಪನೂ ಅದೇ ಹೇಳುತ್ತಿದ್ದ. ಬೇಳೆಕಾಳಿನ ಗಿಡಗಳು ಗಾಳಿಯಲ್ಲಿರುವ ಸಾರಜನಕವನ್ನು ಬೇರಿನ ಗಂಟಿಗೆ ಇಳಿಸಿಕೊಳ್ಳುತ್ತವೆ. ಗಿಡ ಮಣ್ಣಲ್ಲೇ ಕೊಳೆತರೆ ಅದು ಮುಂದಿನ ಬೆಳೆಗೆ ಊಟ. ನಾವು ಚೀಲದಲ್ಲಿ ಕೊಂಡು ತಂದು ಹಳ್ಳಕ್ಕೆ ಹರಿಬಿಡುವುದನ್ನು ಈ ಸಸಿಗಳು ಗದ್ದಲವಿಲ್ಲದೆ ಮಾಡುತ್ತಿದ್ದವು. ಕಾಂಗ್ರೆಸ್ ಕಸ ಬೀಜ ಕಟ್ಟುವ ಮೊದಲೇ ಆಕೆ ಟ್ರ್ಯಾಕ್ಟರಿನ ರೋಟಾವೇಟರ್ ಹೊಡೆಸಿ ಎಲ್ಲವನ್ನೂ ಮಣ್ಣಿಗೆ ಸೇರಿಸಿದಳು. ತಡವಾಗಿ ಬಿತ್ತಿದ ತೊಗರಿ ಆ ವರ್ಷ ಮನೆಯ ಬೇಳೆಗಷ್ಟೇ ಆಯಿತು. ಉಳಿದದ್ದು ಒಂದೇ ಮಳೆಗಾಲ.

ಅಂದಿನಿಂದ ಚೀಲಗಳು ಮನೆಯ ಸ್ಟಾಪಿನಲ್ಲೇ ಇಳಿದವು, ಇಳಿಸುವವನು ನಾನು. ಡ್ರೈವರ್ ಹಾರ್ನ್ ಹೊಡೆದರೆ ಅವನಿಗೂ ನಾಲ್ಕು ಮಾತು ಬೀಳುತ್ತಿತ್ತು. ಪಕ್ಕದ ಮನೆಯ ಮಹಾಮಾಯಾಳ ಎಮ್ಮೆಗೆ ಒಳ್ಳೆಯ ಹೊಟ್ಟು ಹೋಗುತ್ತಿತ್ತು, ಅಲ್ಲಿಂದ ಸಗಣಿ ಬರುತ್ತಿತ್ತು. ಕಸ, ಸಗಣಿ, ಒಲೆಯ ಬೂದಿ, ಪಾತ್ರೆ ತೊಳೆದ ನೀರು ಎಲ್ಲ ಗುಂಡಿಗೆ. ಒಳಗೆ ಕೈಯಿಟ್ಟರೆ ಸುಡುವಷ್ಟು ಕಾವು, ಆ ಕಾವಿಗೆ ಕಳೆಯ ಬೀಜ ಬೆಂದುಹೋದವು. ಮುಂದಿನ ಬೇಸಿಗೆಯಲ್ಲಿ ಕರಿ ಗೊಬ್ಬರ ದಿಬ್ಬ ಹತ್ತಿತು. ಮೃಗಶಿರಾ ಮಳೆಗೆ ತೊಗರಿ, ನಡುವೆ ಉದ್ದು. ದೀಪಾವಳಿಯ ಹೊತ್ತಿಗೆ ಬಸ್ಸಿನ ಕಿಟಕಿಗೆ ಜನ ಮತ್ತೆ ಮುಖ ಹಚ್ಚಿದರು, ಈ ಸಲ ಯಾರೂ ನಗಲಿಲ್ಲ.

ಯುಗಾದಿಗೆ ಇನ್ನೂ ಎರಡು ತಿಂಗಳಿರುವಾಗಲೇ ಗೋರಖನಾಥ ಮತ್ತೆ ಬಂದ. ರಾಶಿ ಆಗಷ್ಟೇ ಮುಗಿದಿತ್ತು. ಈ ಸಲ ಚಪ್ಪಲಿ ಬಿಟ್ಟು ಹೊಲಕ್ಕಿಳಿದು, ಮಣ್ಣು ಹಿಡಿದು ಮೂಸಿ, ಲಾವಣಿ ಎಷ್ಟಾದರೂ ಹೇಳಿ ಎಂದನಂತೆ. ಶೇವಂತಾಬಾಯಿ ಮಗನ ಕಡೆ ನೋಡಿದಳಂತೆ.

ಅಶ್ವಜಿತ ಹೇಳಿದ್ದಿಷ್ಟು: “ನಿಮಗ ಇಷ್ಟು ಬೇಕಾಗೇದ ಅಂದ್ರ, ನಮಗ್ಯಾಕ ಬ್ಯಾಡ್ರಿ?”

ಅದೇ ವಾರ ಅವರ ತೊಗರಿ ಗಂಜಿಗೆ ಬಂತು. ಆ ಸಂಜೆ ಬಸ್ಸು ಹತ್ತಿದಾಗ ಎರಡು ಚೀಲಗಳನ್ನು ಅಶ್ವಜಿತನೇ ಎತ್ತಿ ಸೀಟಿನ ಕೆಳಗೆ ತುರುಕಿದ. ಅವನ ಅಂಗಿಯ ಬೆನ್ನೆಲ್ಲ ಧೂಳಾಗಿತ್ತು. ಶೇವಂತಾಬಾಯಿಯ ಮಡಿಲಲ್ಲಿ ಬೇರೆಯದೊಂದು ಸಣ್ಣ ಗಂಟಿತ್ತು.

“ಇದೇನ್ರಿ ಬಾಯಿ, ಕೆಳಗ ಇಡ್ರಿ” ಎಂದೆ.

“ಇದು ನಮ್ಮ ತೊಗರಿ ಧೂಳರಿ. ನಾನೇ ಜರಡಿ ಹಿಡದೆ.” ಗಂಟಿನ ಮೇಲೆ ಕೈಯಿಟ್ಟುಕೊಂಡೇ ಆಕೆ ಮುಂದುವರಿಸಿದಳು. “ಅಶ್ವಜಿತನ ಅಪ್ಪ ಆ ಗಂಜಿನಾಗ ಇಪ್ಪತ್ತು ವರ್ಷ ಚೀಲ ಹೊತ್ತಾರ. ತಮ್ಮ ಹೊಲದ್ದೊಂದು ಹೊರ್ಲಿಲ್ಲ. ಇವತ್ತ ಹಮಾಲರಿಗೆ ಕೈ ಮುಗದು ನಮ್ಮ ತೊಗರಿ ಚೀಲ ಇವನೇ ಹೊತ್ತಾ. ಅವರೂ ಬಿಟ್ರು, ಕೈಲಾಶನ ಮಗ ಅಂತ.”

ಅಶ್ವಜಿತ ಕಿಟಕಿಯ ಕಡೆ ತಿರುಗಿ ಕೂತಿದ್ದ. ಕೆಳಗಿನ ಎರಡು ಚೀಲಕ್ಕೆ ಟಿಕೆಟ್ ಕೊಟ್ಟೆ. ಮೂರನೆಯದಕ್ಕೆ ಕೊಡಲಿಲ್ಲ. ಮಡಿಲಲ್ಲಿ ಕೂತವರಿಗೆ ನಮ್ಮ ಬಸ್ಸಿನಲ್ಲಿ ಟಿಕೆಟ್ ಇಲ್ಲ.